ಚೆಲ್ಲಿದ ನೀರಿನ ಚರಿತ್ರೆ

ಕಳೆದ ತಿಂಗಳು ಅಮೆರಿಕದಿಂದ ಬಂದಿದ್ದ ನನ್ನ ತಂಗಿಯ ಮಗಳು ಊಟವಾದ ಮೇಲೆ ಪುಟ್ಟ ಸೀಸೆಯೊಂದರಿಂದ ಮಾತ್ರೆ ತೆಗೆದು ನುಂಗುತ್ತಿದ್ದುದನ್ನು ಕಂಡೆ. "ಏನಮ್ಮಾ, ಮೈ ಹುಷಾರಿಲ್ಲವೇ?" ಎಂದು ಕೇಳಿದ್ದಕ್ಕೆ, "ಇಲ್ಲ ಮಾವ, ಇದು ಔಷಧಿಯಲ್ಲ, ಆಲಿವ್ ಹಣ್ಣಿನ ಸತ್ವ. ಹೃದಯಕ್ಕೆ ಒಳ್ಳೆಯದಂತೆ" ಎಂದಳು. ನಿವೃತ್ತನಾದರೂ ವಿಜ್ಞಾನದ ಮೇಷ್ಟರ ಚಾಳಿ ಬಿಟ್ಟಿಲ್ಲ. ಭೂತಗನ್ನಡಿ ಹಿಡಿದು ಸೀಸೆಯ ಮೇಲಿನ ಚೀಟಿಯನ್ನು ಓದಿದೆ. ಹೈಡ್ರಾಕ್ಸಿಟೈರೊಸಾಲ್ ಎಂಬ ವಸ್ತುವಿನ ಹೆಸರಿತ್ತು. ಅದನ್ನು ಆಲಿವ್ ಹಣ್ಣಿನ ನೀರಿನಿಂದ ತೆಗೆಯಲಾಗಿದೆ ಎಂದೂ ಬರೆದಿತ್ತು. ಎಣ್ಣೆಯಿಂದಲ್ಲ, ಎಣ್ಣೆ ತೆಗೆದ ಮೇಲೆ ಉಳಿಯುವ ನೀರಿನಿಂದ.

"ಇದು ಚೊಗರು ಕಣಮ್ಮಾ!" ಎಂದು ನಕ್ಕುಬಿಟ್ಟೆ. ಒಳಗಿನಿಂದ ನನ್ನ ತಾಯಿ, ಅವರಿಗೀಗ ಎಂಬತ್ತೆಂಟು ವರ್ಷ, "ಚೊಗರನ್ನು ಸೀಸೆಗೆ ತುಂಬಿ ಮಾರುತ್ತಾರೆಯೇ? ಹಾಗಾದರೆ ನಿನ್ನ ಅಜ್ಜಿ ಎಷ್ಟು ಶ್ರೀಮಂತೆಯಾಗಬೇಕಾಗಿತ್ತು" ಎಂದರು. ಅಂದು ಮಧ್ಯಾಹ್ನ ಆರಂಭವಾದ ಮಾತು ನನ್ನನ್ನು ಎರಡು ಸಾವಿರ ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೊನೆಯಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆಯೂ ಇದೆ.

ಪಟ್ಟಣಗಳಲ್ಲಿ ಹುಟ್ಟಿ ಬೆಳೆದ ನಮ್ಮ ಕುಟುಂಬದ ಕಿರಿಯರಿಗೆ ಚೊಗರು ಎಂದರೇನೆಂದು ಹೇಳಬೇಕು. ಅಡಿಕೆಯ ಕೊನೆಯನ್ನು ಹಸಿರಾಗಿರುವಾಗಲೇ ಇಳಿಸಿ, ಮೆಟ್ಟುಗತ್ತಿಯಲ್ಲಿ ಸುಲಿದು, ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಒಂದು ಒಬ್ಬೆ ಬೆಂದ ಮೇಲೆ ನೀರನ್ನು ಚೆಲ್ಲುವುದಿಲ್ಲ; ಅದರಲ್ಲಿಯೇ ಎರಡನೆಯದು, ಮೂರನೆಯದು ಬೇಯುತ್ತವೆ. ನೀರು ಕೆಂಪಾಗಿ, ಮಂದವಾಗಿ, ನಾಲಿಗೆಗೆ ಸೋಕಿದರೆ ಬಾಯೆಲ್ಲ ಒಗರು ಕಟ್ಟುವಂತಾಗುತ್ತದೆ. ಅದನ್ನು ಮತ್ತಷ್ಟು ಕುದಿಸಿ ಬತ್ತಿಸಿದರೆ ಸಿಗುವ ಗಟ್ಟಿ ರಸವೇ ಚೊಗರು. ನಮ್ಮ ಅಜ್ಜಿ ಅದನ್ನು ಮಣ್ಣಿನ ಗಡಿಗೆಯಲ್ಲಿ ಮುಂದಿನ ಸುಗ್ಗಿಯವರೆಗೆ ಕಾಪಾಡುತ್ತಿದ್ದರು. ಹೊಸ ಅಡಿಕೆಗೆ ಬಣ್ಣವೂ ಹೊಳಪೂ ಬರುವುದು ಹಳೆಯ ಚೊಗರಿನಿಂದ. ಚೊಗರಿನ ಗಡಿಗೆ ಒಡೆದ ವರ್ಷ ಅಡಿಕೆ ಬಿಳಚಿಕೊಂಡು ಮಂಡಿಯಲ್ಲಿ ದರ ಕಡಿಮೆಯಾಯಿತೆಂದು ಅಪ್ಪ ಬಹಳ ಕಾಲ ಹೇಳುತ್ತಿದ್ದರು. ಈಚಿನ ವರ್ಷಗಳಲ್ಲಿ ಹೆಗ್ಗೋಡಿನ ಚರಕ ಸಂಸ್ಥೆಯವರು ಅಡಿಕೆಯ ಚೊಗರಿನಿಂದ ಕೈಮಗ್ಗದ ಬಟ್ಟೆಗಳಿಗೆ ಬಣ್ಣ ಕಟ್ಟುವುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ.

ರಸಾಯನಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಚೊಗರಿನಲ್ಲಿರುವುದು ಟ್ಯಾನಿನ್‌ಗಳು, ಅಂದರೆ ಪಾಲಿಫಿನಾಲ್ ವರ್ಗದ ಸಂಯುಕ್ತಗಳು. ನನ್ನ ಸೊಸೆಯ ಸೀಸೆಯಲ್ಲಿದ್ದುದೂ ಅದೇ ದೊಡ್ಡ ಕುಟುಂಬಕ್ಕೆ ಸೇರಿದ ಒಂದು ಸಣ್ಣ ಅಣು. ಹಣ್ಣಿನಿಂದ ನಮಗೆ ಬೇಕಾದುದನ್ನು ತೆಗೆದುಕೊಂಡ ಮೇಲೆ ಉಳಿಯುವ ನೀರಿನಲ್ಲಿ ಏನಿದೆ ಎಂಬ ಪ್ರಶ್ನೆ ಹೊಸದಲ್ಲ. ನಾನು ಓದಿ ತಿಳಿದಮಟ್ಟಿಗೆ ಅದಕ್ಕೆ ಲಿಖಿತ ಉತ್ತರ ಕೊಟ್ಟ ಹಳಬರಲ್ಲಿ ಪ್ರಮುಖನು ರೋಮಿನ ಕೇಟೊ.

ಕೇಟೊ (ಕ್ರಿ.ಪೂ. 234–149) ಸೈನಿಕ, ರಾಜಕಾರಣಿ, ಮಹಾ ಜುಗ್ಗ. ಕೃಷಿಯ ಬಗ್ಗೆ ಅವನು ಬರೆದ ಪುಸ್ತಕವು ಲ್ಯಾಟಿನ್ ಭಾಷೆಯಲ್ಲಿ ಪೂರ್ಣವಾಗಿ ಉಳಿದುಬಂದಿರುವ ಗದ್ಯಕೃತಿಗಳಲ್ಲೆಲ್ಲ ಅತ್ಯಂತ ಹಳೆಯದು. ಆಲಿವ್ ಹಣ್ಣನ್ನು ಅರೆದು ಹಿಂಡಿದಾಗ ಎಣ್ಣೆಯೊಂದಿಗೆ ಕಪ್ಪಗಿನ ಕಹಿ ನೀರೂ ಇಳಿಯುತ್ತದೆ. ಎಣ್ಣೆ ಮೇಲೆ ತೇಲುತ್ತದೆ, ನೀರು ಕೆಳಗೆ ನಿಲ್ಲುತ್ತದೆ. ರೋಮನರು ಅದನ್ನು ಅಮುರ್ಕ ಎಂದು ಕರೆದರು. ಕೇಟೊ ಈ ಅಮುರ್ಕದ ಉಪಯೋಗಗಳನ್ನು ಒಂದರ ಮೇಲೊಂದರಂತೆ ಹೇಳುತ್ತಾ ಹೋಗುತ್ತಾನೆ. ಒಕ್ಕಲು ಕಣದ ಮಣ್ಣನ್ನು ಅಗೆದು, ಅಮುರ್ಕ ಕುಡಿಸಿ, ಬಡಿದು ಗಟ್ಟಿಮಾಡಿದರೆ ಇರುವೆ ಬರುವುದಿಲ್ಲ, ಹುಲ್ಲು ಹುಟ್ಟುವುದಿಲ್ಲ. ಕಣಜದ ಗೋಡೆಗೆ ಬಳಿಯುವ ಮಣ್ಣಿಗೆ ಅಮುರ್ಕ ಮತ್ತು ಹೊಟ್ಟು ಕಲಸಿದರೆ ನುಸಿಯೂ ಇಲಿಯೂ ಧಾನ್ಯವನ್ನು ಮುಟ್ಟುವುದಿಲ್ಲ. ಅರ್ಧಕ್ಕೆ ಬತ್ತಿಸಿ ಪೆಟ್ಟಿಗೆಯ ತಳಕ್ಕೂ ಹೊರಮೈಗೂ ಬಳಿದರೆ ಬಟ್ಟೆಗೆ ನುಸಿ ಹಿಡಿಯುವುದಿಲ್ಲ. ಕುರಿಗಳ ಕಜ್ಜಿಗೆ ಲೇಪ, ಗಾಡಿಯ ಅಚ್ಚಿಗೂ ಚರ್ಮದ ಪಟ್ಟಿಗೂ ಜಿಡ್ಡು, ಒಣ ಅಂಜೂರ ಕೆಡದಂತೆ ಇಡುವ ಮಡಕೆಯ ಒಳಲೇಪ, ಹೊಗೆಯಿಲ್ಲದೆ ಉರಿಯಲು ಸೌದೆಯ ಮೇಲೆ ಸವರುವ ರಸ, ಎಲ್ಲವೂ ಅದೇ ಕಪ್ಪು ನೀರು.

ನಾನು ಮೊದಲ ಬಾರಿಗೆ ಇದನ್ನು ಓದಿದಾಗ ನಮ್ಮ ಅಜ್ಜಿಯ ಅಡುಗೆಮನೆಯೇ ಕಣ್ಣಮುಂದೆ ಬಂದಿತು. ಅಕ್ಕಚ್ಚು ಕೊಟ್ಟಿಗೆಗೆ, ಹುಳಿ ಹಿಂಡಿ ಉಳಿದ ಹುಣಸೆ ಹಿತ್ತಾಳೆಯ ಪಾತ್ರೆಗೆ, ಬೂದಿ ಬಚ್ಚಲಿಗೆ, ಯಾವುದಕ್ಕೂ ದಂಡವಿಲ್ಲ. ಆದರೆ ಕೇಟೊನ ಪುಸ್ತಕದ ಆರಂಭದಲ್ಲಿಯೇ ಇನ್ನೊಂದು ಉಪದೇಶವಿದೆ. ಹೊಲಮನೆಯ ಯಜಮಾನನು ಬೇಡವಾದುದನ್ನು ಮಾರಿಬಿಡಬೇಕು, ಮುದಿ ಎತ್ತು, ಹಳೆಯ ಗಾಡಿ, ಸವೆದ ಸಲಕರಣೆ ಇವುಗಳ ಜೊತೆಗೆ ಮುದಿ ಗುಲಾಮನನ್ನೂ ರೋಗಿಷ್ಠ ಗುಲಾಮನನ್ನೂ ಮಾರಬೇಕು ಎನ್ನುತ್ತಾನೆ. ಒಂದು ತೊಟ್ಟು ಕಪ್ಪು ನೀರನ್ನೂ ವ್ಯರ್ಥಮಾಡಬಾರದೆಂದವನು ದುಡಿದು ಮುಪ್ಪಾದ ಮನುಷ್ಯನನ್ನು ಕಸವೆಂದು ಎಣಿಸಿದ! ಮಿತವ್ಯಯವೂ ಕರುಣೆಯೂ ಒಂದೇ ಮನೆಯಲ್ಲಿ ವಾಸಿಸಬೇಕೆಂಬ ನಿಯಮವೇನೂ ಇಲ್ಲವೆಂದು ತೋರುತ್ತದೆ. ನಿವೃತ್ತಿಯಾದ ಮೇಲೆ ಈ ಭಾಗವನ್ನು ಓದಿದಾಗ ಮೊದಲಿಗಿಂತ ಹೆಚ್ಚು ಚುಚ್ಚಿತು.

ಕೇಟೊನ ತರುವಾಯ ಬಂದ ವಾರೊ ಇನ್ನಷ್ಟು ಸೂಕ್ಷ್ಮ ದೃಷ್ಟಿಯವನು. ಕ್ರಿ.ಪೂ. 37ರಲ್ಲಿ, ತನ್ನ ಎಂಬತ್ತನೆಯ ವರ್ಷದಲ್ಲಿ, ಕೃಷಿಯ ಮೇಲೆ ಗ್ರಂಥ ಬರೆದ. ಅಮುರ್ಕದ ಉಪಯೋಗ ತಿಳಿಯದ ಜನ ಅದನ್ನು ಗಾಣದಿಂದ ಹೊಲಕ್ಕೆ ಹರಿಯಬಿಡುತ್ತಾರೆ, ಅದು ಹರಿದ ನೆಲ ಕಪ್ಪಾಗುವುದಲ್ಲದೆ ಹೆಚ್ಚಾದರೆ ಬಂಜರೂ ಆಗುತ್ತದೆ, ಆದರೆ ಮಿತವಾಗಿ ಮರದ ಬುಡಕ್ಕೆ ಹಾಕಿದರೆ ಬೇಸಾಯಕ್ಕೆ ಬಹಳ ಪ್ರಯೋಜನಕಾರಿ ಎಂಬುದು ಅವನ ಮಾತಿನ ಸಾರ. ಹಣ್ಣಿನ ಉದ್ಯಮದ ಕೊಳಚೆನೀರಿನಿಂದ ಭೂಮಿ ಹಾಳಾಗುವುದನ್ನು ಕಣ್ಣಾರೆ ಕಂಡು ಬರೆದಿಟ್ಟ ಮಾತು ಇದು. ಅದೇ ನೀರು ವಿಷವೂ ಹೌದು, ಗೊಬ್ಬರವೂ ಹೌದು, ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಸ್ವಾರಸ್ಯವೆಂದರೆ ಎರಡು ಸಾವಿರ ವರ್ಷಗಳ ನಂತರ, 1996ರಲ್ಲಿ, ಅದೇ ಇಟಲಿ ದೇಶ ಒಂದು ಕಾನೂನು ಮಾಡಿ ಆ 'ಮಿತ'ಕ್ಕೆ ಅಂಕಿ ಕೊಟ್ಟಿತು. ಹಳೆಯ ಪದ್ಧತಿಯ ಗಾಣದ ನೀರಾದರೆ ವರ್ಷಕ್ಕೆ ಹೆಕ್ಟೇರಿಗೆ 50 ಘನಮೀಟರ್, ಕೇಂದ್ರಾಪಗಾಮಿ ಯಂತ್ರದ ನೀರಾದರೆ 80 ಘನಮೀಟರ್ ಮಾತ್ರ ಹೊಲಕ್ಕೆ ಹಾಕಬಹುದು.

ಇಲ್ಲಿಂದ ಒಂದು ದೊಡ್ಡ ಜಿಗಿತ. ಸಾವಿರಾರು ವರ್ಷ ಜನರು ಇಂಥ ನೀರನ್ನು ಇದ್ದ ಹಾಗೆಯೇ ಬಳಸಿದರು, ಬತ್ತಿಸಿ ಬಳಸಿದರು. ಅದರೊಳಗಿನ ಒಂದೇ ಒಂದು ವಸ್ತುವನ್ನು ಹಿಡಿದು ಹೊರತೆಗೆಯುವ ಉಪಾಯ ತೋರಿಸಿದವನು ಸ್ವೀಡನ್ನಿನ ಔಷಧ ವ್ಯಾಪಾರಿ ಕಾರ್ಲ್ ವಿಲ್ಹೆಲ್ಮ್ ಶೀಲೆ (1742–1786). ಆಮ್ಲಜನಕದ ಪಾಠ ಮಾಡುವಾಗ ಈತನ ಹೆಸರನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದೆ, ಕೆಲವರಿಗಾದರೂ ನೆನಪಿರಬಹುದು. ದ್ರಾಕ್ಷಾರಸ ಹುದುಗಿ ಮದ್ಯವಾಗುವಾಗ ಪೀಪಾಯಿಯ ಒಳಗೋಡೆಗೆ ಗಟ್ಟಿಯಾದ ಕಿಟ್ಟ ಕಟ್ಟುತ್ತದೆ. ಅದೇ ಟಾರ್ಟರ್. 1769ರಲ್ಲಿ ಶೀಲೆ ಅದರಿಂದ ಟಾರ್ಟಾರಿಕ್ ಆಮ್ಲವನ್ನು ಬೇರ್ಪಡಿಸಿದ. 1784ರಲ್ಲಿ ಅದೇ ಉಪಾಯದಿಂದ ನಿಂಬೆರಸದಿಂದ ಸಿಟ್ರಿಕ್ ಆಮ್ಲದ ಹರಳುಗಳನ್ನು ಪಡೆದ.

ಆ ಉಪಾಯ ಎಷ್ಟು ಸರಳವೆಂದರೆ ಹತ್ತನೆಯ ತರಗತಿಯ ಮಕ್ಕಳೂ ಮಾಡಬಹುದು. ನಿಂಬೆರಸದಲ್ಲಿ ಸಕ್ಕರೆ, ಲೋಳೆ, ಬಣ್ಣ, ಆಮ್ಲ ಎಲ್ಲವೂ ಕಲೆತಿವೆ. ಸುಮ್ಮನೆ ಕುದಿಸಿದರೆ ಪಾಕವಾಗುತ್ತದೆಯೇ ಹೊರತು ಹರಳು ಕಟ್ಟುವುದಿಲ್ಲ. ಅದಕ್ಕೆ ಸೀಮೆಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹಾಕಿ ಬಿಸಿಮಾಡಿದರೆ ಆಮ್ಲವು ಕ್ಯಾಲ್ಸಿಯಂನೊಡನೆ ಸೇರಿ ನೀರಿನಲ್ಲಿ ಕರಗದ ಲವಣವಾಗಿ ತಳಕ್ಕೆ ಇಳಿಯುತ್ತದೆ. ಉಳಿದ ಸಾಮಾನೆಲ್ಲ ನೀರಿನಲ್ಲೇ ಉಳಿಯುತ್ತದೆ. ಆ ಬಿಳಿಯ ಪುಡಿಯನ್ನು ತೊಳೆದು ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಕ್ಯಾಲ್ಸಿಯಂ ಜಿಪ್ಸಮ್ಮಾಗಿ ಕೆಳಗೆ ಕೂರುತ್ತದೆ, ಹಣ್ಣಿನ ಆಮ್ಲ ಶುದ್ಧವಾಗಿ ನೀರಿನಲ್ಲಿ ನಿಲ್ಲುತ್ತದೆ. ಬತ್ತಿಸಿದರೆ ಹರಳು ಸಿಗುತ್ತದೆ. ಜನಜಂಗುಳಿಯಲ್ಲಿ ಒಬ್ಬನನ್ನು ಹೆಸರು ಹಿಡಿದು ಕರೆದು ಹೊರಗೆ ತಂದ ಹಾಗೆ. ಮುಂದಿನ ನೂರಾರು ವರ್ಷ ಕಾರ್ಖಾನೆಗಳು ಮಾಡಿದ್ದು ಇದನ್ನೇ. ದ್ರಾಕ್ಷಾಮದ್ಯದ ಗಸಿ, ಅದನ್ನು ತೊಳೆದ ನೀರು, ಬಟ್ಟಿ ಇಳಿಸಿ ಉಳಿದ ದ್ರವ, ಎಲ್ಲವುಗಳಿಂದಲೂ ಸುಣ್ಣದ ಲವಣದ ರೂಪದಲ್ಲಿ ಟಾರ್ಟಾರಿಕ್ ಆಮ್ಲವನ್ನು ಹಿಡಿದರು. ಅಂದಹಾಗೆ ನಮ್ಮ ಹುಣಸೆಹಣ್ಣಿನ ಹುಳಿಗೂ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲವೇ. ಅಜ್ಜಿ ಹಿತ್ತಾಳೆಯ ಚೊಂಬನ್ನು ಬೆಳಗುತ್ತಿದ್ದುದು ಶೀಲೆಯ ಆಮ್ಲದಿಂದ ಎಂದು ಹೇಳಿದ್ದರೆ ಅವರು ನನ್ನನ್ನು ಓಡಿಸುತ್ತಿದ್ದರು.

ಈ ಟಾರ್ಟರ್ ಕಾರ್ಖಾನೆಗಳ ಚರಂಡಿಯ ಬಳಿಯೇ ವಿಜ್ಞಾನದ ಒಂದು ಮಹಾದ್ವಾರ ತೆರೆಯಿತು. ಇದು ನನಗೆ ಅತ್ಯಂತ ಪ್ರಿಯವಾದ ಕಥೆ, ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಥಾನ್ ಎಂಬ ಊರಿನಲ್ಲಿ ಕೆಸ್ಟ್ನರ್ ಎಂಬ ಉದ್ಯಮಿಯ ಕಾರ್ಖಾನೆ ಇತ್ತು. 1820ರ ಸುಮಾರಿಗೆ ಅಲ್ಲಿ ಟಾರ್ಟಾರಿಕ್ ಆಮ್ಲ ತಯಾರಿಸುವಾಗ ಅದರಂತೆಯೇ ಇದ್ದೂ ಅದಲ್ಲದ ಇನ್ನೊಂದು ಆಮ್ಲ ಸಿಕ್ಕಿತು. ಅಂಶಗಳ ಲೆಕ್ಕ ಒಂದೇ, ಗುಣ ಬೇರೆ. 1826ರಲ್ಲಿ ಗೇ-ಲುಸ್ಸಾಕ್ ಅದನ್ನು ಪರೀಕ್ಷಿಸಿ ರಾಸೆಮಿಕ್ ಆಮ್ಲ ಎಂದು ಕರೆದ. ರಾಸೆಮಸ್ ಎಂದರೆ ಲ್ಯಾಟಿನ್ನಿನಲ್ಲಿ ದ್ರಾಕ್ಷಿಯ ಗೊಂಚಲು. ಟಾರ್ಟಾರಿಕ್ ಆಮ್ಲದ ದ್ರಾವಣವು ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತಿತ್ತು, ರಾಸೆಮಿಕ್ ಆಮ್ಲ ಯಾವ ಕಡೆಗೂ ತಿರುಗಿಸುತ್ತಿರಲಿಲ್ಲ. ಕಾರಣ ಯಾರಿಗೂ ತಿಳಿಯಲಿಲ್ಲ.

1848ರಲ್ಲಿ ಇಪ್ಪತ್ತೈದು ವರ್ಷದ ಲೂಯಿ ಪಾಶ್ಚರ್ ರಾಸೆಮಿಕ್ ಆಮ್ಲದ ಸೋಡಿಯಂ ಅಮೋನಿಯಂ ಲವಣದ ಹರಳುಗಳನ್ನು ಸೂಕ್ಷ್ಮವಾಗಿ ನೋಡಿದ. ಅವುಗಳಲ್ಲಿ ಎರಡು ಬಗೆ ಇದ್ದವು. ಒಂದು ಬಗೆಯ ಹರಳಿನ ಒಂದು ಪುಟ್ಟ ಮುಖ ಬಲಕ್ಕೆ ವಾಲಿತ್ತು, ಇನ್ನೊಂದರದು ಎಡಕ್ಕೆ. ಬಲಗೈ ಎಡಗೈಗಳ ಹಾಗೆ, ಬಿಂಬ ಪ್ರತಿಬಿಂಬಗಳ ಹಾಗೆ. ನಮ್ಮ ಮನೆಯ ಹೆಂಗಸರು ಮೊರದ ಮುಂದೆ ಕುಳಿತು ಅಕ್ಕಿಯಿಂದ ಕಲ್ಲು ಆರಿಸುವಂತೆ ಪಾಶ್ಚರ್ ಅವನ್ನು ಒಂದೊಂದಾಗಿ ಆರಿಸಿ ಎರಡು ಗುಡ್ಡೆ ಮಾಡಿದ. ನೀರಿನಲ್ಲಿ ಕರಗಿಸಿ ನೋಡಿದರೆ ಒಂದು ಗುಡ್ಡೆ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಎರಡೂ ಸಮವಾಗಿ ಸೇರಿದಾಗ ಒಂದರ ಪರಿಣಾಮವನ್ನು ಇನ್ನೊಂದು ಅಳಿಸುತ್ತಿತ್ತು, ಅಷ್ಟೇ.

ಆ ವಿಷಯದ ಹಿರಿಯ ತಜ್ಞ ಬಿಯೋ ಆಗ ಎಪ್ಪತ್ನಾಲ್ಕು ವರ್ಷದ ಮುದುಕ. ಆತ ಸುಲಭವಾಗಿ ನಂಬುವವನಲ್ಲ. ಹುಡುಗನನ್ನು ತನ್ನಲ್ಲಿಗೆ ಕರೆಸಿ, ತಾನೇ ಕೊಟ್ಟ ರಾಸಾಯನಿಕಗಳಿಂದ, ತನ್ನ ಕಣ್ಣೆದುರಿಗೇ ದ್ರಾವಣ ಮಾಡಿಸಿದ. ಹರಳು ಕಟ್ಟಿದ ಮೇಲೆ ಮತ್ತೆ ಕರೆಸಿ ಆರಿಸಲು ಹೇಳಿದ. ಎಡಕ್ಕೆ ತಿರುಗಿಸುತ್ತದೆ ಎಂದು ಪಾಶ್ಚರ್ ತೋರಿಸಿದ ಗುಡ್ಡೆಯ ದ್ರಾವಣವನ್ನು ತಾನೇ ಉಪಕರಣದಲ್ಲಿಟ್ಟು ನೋಡಿದ. ನೋಡಿದೊಡನೆ ಆ ವೃದ್ಧನ ಹೃದಯ ತುಂಬಿ ಬಂದಿತಂತೆ. ಶಿಷ್ಯನನ್ನು ಪರೀಕ್ಷಿಸುವುದಾದರೆ ಹೀಗೆ ಪರೀಕ್ಷಿಸಬೇಕು, ಒಪ್ಪಿಕೊಳ್ಳುವುದಾದರೆ ಹೀಗೆ ಒಪ್ಪಿಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ. (ಪಾಶ್ಚರನ ಅದೃಷ್ಟಕ್ಕೆ ಪ್ಯಾರಿಸ್ ತಣ್ಣಗಿನ ಊರು. ಈ ಲವಣ ಸುಮಾರು 27 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಮಾತ್ರ ಹೀಗೆ ಬೇರೆಬೇರೆ ಹರಳಾಗುತ್ತದೆ. ರಾಯಚೂರಿನ ಮೇ ತಿಂಗಳಿನಲ್ಲಾಗಿದ್ದರೆ ಪಾಶ್ಚರನಿಗೂ ಏನೂ ಕಾಣುತ್ತಿರಲಿಲ್ಲ.)

ಆದರೆ ಈ ಅಪರೂಪದ ಆಮ್ಲ ಬರುವುದಾದರೂ ಎಲ್ಲಿಂದ? ಕೆಸ್ಟ್ನರನಿಗೇ ಅದನ್ನು ಮತ್ತೆ ಪಡೆಯಲಾಗಿರಲಿಲ್ಲ. 1852ರಲ್ಲಿ ಸ್ಯಾಕ್ಸನಿಯ ತಯಾರಕನೊಬ್ಬನಲ್ಲಿ ಅದು ಇದೆಯೆಂಬ ಸುದ್ದಿ ಕೇಳಿ ಪಾಶ್ಚರ್ ಹೊರಟೇಬಿಟ್ಟ. ಲೈಪ್‌ಜಿಗ್, ವಿಯೆನ್ನಾ, ಪ್ರಾಗ್ ಎಂದು ಊರೂರು ಸುತ್ತಿ ಕಾರ್ಖಾನೆಗಳ ಬಾಗಿಲು ತಟ್ಟಿದ. ಅವನಿಗೆ ದೊರೆತ ಉತ್ತರ ನಮ್ಮ ವಿಷಯದ ನಡುಮಧ್ಯಕ್ಕೇ ಬರುತ್ತದೆ. ಹರಳು ಕಟ್ಟಿದ ಮೇಲೆ ಉಳಿಯುವ ದ್ರವವನ್ನು ಮಾತೃದ್ರಾವಣ ಎನ್ನುತ್ತಾರೆ. ಕಚ್ಚಾ ಟಾರ್ಟರನ್ನು ಶುದ್ಧಿಮಾಡುವಾಗ ರಾಸೆಮಿಕ್ ಆಮ್ಲ ಈ ಮಾತೃದ್ರಾವಣದಲ್ಲಿ ಉಳಿದುಬಿಡುತ್ತಿತ್ತು. ಶುದ್ಧಿ ಹೆಚ್ಚಾದಷ್ಟೂ ಅದು ಕಾರ್ಖಾನೆಯಿಂದ ಹೊರಗೆ ಹೋಗುತ್ತಿತ್ತು. ಕಚ್ಚಾ ಸರಕನ್ನೇ ತಂದು ಕೆಲಸ ಮಾಡಿದವರಿಗೆ ಮಾತ್ರ ಅದು ಕಾಣಿಸಿತ್ತು. 1853ರಲ್ಲಿ ಪಾಶ್ಚರ್ ಟಾರ್ಟಾರಿಕ್ ಆಮ್ಲದಿಂದಲೇ ಅದನ್ನು ತಯಾರಿಸುವ ದಾರಿ ಕಂಡುಹಿಡಿದು, ಪ್ಯಾರಿಸಿನ ಔಷಧಶಾಸ್ತ್ರ ಸಂಘದ 1,500 ಫ್ರಾಂಕುಗಳ ಬಹುಮಾನ ಪಡೆದ. ಅಣುಗಳಿಗೂ ಬಲಗೈ ಎಡಗೈ ಇವೆ ಎಂಬ ತಿಳಿವಳಿಕೆ ಇಂದು ಔಷಧ ತಯಾರಿಕೆಯ ಅಡಿಪಾಯ. ಅದು ಮೊಳೆತದ್ದು ದ್ರಾಕ್ಷಿಯ ಗಸಿ ತೊಳೆದ ನೀರಿನಲ್ಲಿ.

ನಿಮ್ಮಲ್ಲಿ ಅನೇಕರು ನನ್ನ ಪ್ರಯೋಗಶಾಲೆಯಲ್ಲಿ ಈ ಆಮ್ಲವನ್ನು ಕೈಯಲ್ಲಿ ಹಿಡಿದಿದ್ದೀರಿ, ಆದರೆ ತಿಳಿದಿರಲಿಲ್ಲ. ಸಕ್ಕರೆ ಪರೀಕ್ಷೆಗೆ ಬಳಸುವ ಫೆಹ್ಲಿಂಗ್ ದ್ರಾವಣದಲ್ಲಿ ನೀಲಿಯ 'ಎ' ಸೀಸೆಯ ಜೊತೆ ಬಣ್ಣವಿಲ್ಲದ 'ಬಿ' ಸೀಸೆ ಇರುತ್ತದಲ್ಲ, ಅದರಲ್ಲಿರುವುದು ಕ್ಷಾರದೊಂದಿಗೆ ರೊಶೆಲ್ ಲವಣ, ಅಂದರೆ ಸೋಡಿಯಂ ಪೊಟ್ಯಾಸಿಯಂ ಟಾರ್ಟರೇಟ್. ಇದೇ ಲವಣದ ಹರಳನ್ನು ಅದುಮಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದರು. ಎರಡನೆಯ ಮಹಾಯುದ್ಧದಲ್ಲಿ ನೀರಿನಡಿಯ ಹಡಗುಗಳನ್ನು ಪತ್ತೆಹಚ್ಚುವ ಸೋನಾರ್ ಯಂತ್ರಗಳಲ್ಲಿಯೂ, ಹಳೆಯ ಗ್ರಾಮೊಫೋನುಗಳ ಮುಳ್ಳಿನ ಮೇಲಿನ ಪಿಕಪ್ಪಿನಲ್ಲಿಯೂ ಇದ್ದುದು ಈ ಹರಳೇ.

ಸಿಟ್ರಿಕ್ ಆಮ್ಲದ ಕಥೆ ಇಷ್ಟು ಸುಖಾಂತವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸಿಸಿಲಿ ದ್ವೀಪದವರು ನಿಂಬೆರಸವನ್ನು ಸುಣ್ಣದ ಲವಣವಾಗಿಸಿ ಜಗತ್ತಿಗೆ ಮಾರಿ ಬದುಕಿದರು. 1917ರಲ್ಲಿ ಅಮೆರಿಕದ ಜೇಮ್ಸ್ ಕರಿ, ಆಸ್ಪರ್‌ಜಿಲಸ್ ನೈಜರ್ ಎಂಬ ಕಪ್ಪು ಬೂಸ್ಟು ಸಕ್ಕರೆಯಿಂದ ಹೇರಳವಾಗಿ ಸಿಟ್ರಿಕ್ ಆಮ್ಲ ಮಾಡಬಲ್ಲದೆಂದು ಪ್ರಕಟಿಸಿದ. 1919ರಲ್ಲಿ ಫೈಜರ್ ಕಂಪನಿ ಅದನ್ನು ಕಾರ್ಖಾನೆಯಲ್ಲಿ ಮಾಡತೊಡಗಿತು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಸಿಸಿಲಿಯ ಏಕಸ್ವಾಮ್ಯ ಮುರಿದುಬಿತ್ತು. ಆ ಬೂಸ್ಟಿಗೆ ಮುಂದೆ ಆಹಾರವಾದುದು ಸಕ್ಕರೆ ಕಾರ್ಖಾನೆಯ ಕಾಕಂಬಿ. ಒಂದು ಊರಿನ ಕಸ ಇನ್ನೊಂದು ಊರಿನ ತೋಟದ ಬೆಲೆಯನ್ನು ಇಳಿಸಿಬಿಟ್ಟಿತು.

ಈಗ ಮತ್ತೆ ಆಲಿವಿಗೆ ಬರೋಣ. ಕೇಟೊನ ಕಾಲದ ಗಾಣಗಳಲ್ಲಿ ನೀರು ಕಡಿಮೆ. 1970ರ ದಶಕದಿಂದ ಮೆಡಿಟರೇನಿಯನ್ ತೀರದಲ್ಲಿ ಬಂದ ಕೇಂದ್ರಾಪಗಾಮಿ ಯಂತ್ರಗಳಿಗೆ ಅರೆದ ಹಣ್ಣಿನ ಜೊತೆ ಬಿಸಿನೀರನ್ನು ಸುರಿಯಬೇಕಾಯಿತು. ಒಂದು ಟನ್ ಹಣ್ಣಿಗೆ ಒಂದು ಟನ್ನಿಗೂ ಮಿಕ್ಕಿ ಕಪ್ಪು ನೀರು ಹೊರಬಿತ್ತು. ಸ್ಪೇನಿನವರು ಇದನ್ನು ಅಲ್ಪೆಚಿನ್ ಎಂದೂ, ಗ್ರೀಕರು ಕಟ್ಸಿಗರೊಸ್ ಎಂದೂ ಕರೆಯುತ್ತಾರೆ. ಇದರ ತೀವ್ರತೆ ತಿಳಿಯಲು ಹಳೆಯ ಮೇಷ್ಟರೊಡನೆ ಒಂದು ಲೆಕ್ಕ ಮಾಡಿರಿ. ಒಂದು ಲೀಟರ್ ಹೊಳೆನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಸೂಕ್ಷ್ಮಜೀವಿಗಳು ಒಂದು ಲೀಟರ್ ಆಲಿವ್ ನೀರನ್ನು ತಿಂದು ಮುಗಿಸಲು 40 ಗ್ರಾಂ ಆಮ್ಲಜನಕ ಬೇಕೆಂದಿಟ್ಟುಕೊಳ್ಳಿ; ಅದಕ್ಕಿಂತ ದುಪ್ಪಟ್ಟು ಬೇಕಾಗುವುದೂ ಉಂಟು. 40,000ವನ್ನು 8ರಿಂದ ಭಾಗಿಸಿದರೆ 5,000. ಅಂದರೆ ಒಂದು ಲೀಟರ್ ಕಪ್ಪು ನೀರು ಐದು ಸಾವಿರ ಲೀಟರ್ ಹೊಳೆನೀರಿನ ಉಸಿರನ್ನು ಹೀರಬಲ್ಲದು. 1981ರಲ್ಲಿ ಸ್ಪೇನ್ ಇದನ್ನು ನದಿಗೆ ಬಿಡುವುದನ್ನು ನಿಷೇಧಿಸಿತು. ಸುಮಾರು ಒಂದು ಸಾವಿರ ಹೊಂಡಗಳನ್ನು ತೋಡಿ ಬಿಸಿಲಿಗೆ ಒಣಗಿಸಿದರು. ನದಿಗಳು ಚೇತರಿಸಿಕೊಂಡವು, ಹೊಂಡದ ಸುತ್ತಲಿನ ಊರುಗಳು ವಾಸನೆಯಿಂದ ನರಳಿದವು. 1990ರ ದಶಕದ ಆರಂಭದಲ್ಲಿ ಹೆಚ್ಚು ನೀರು ಬೇಡದ ಹೊಸ ಯಂತ್ರಗಳು ಬಂದವು.

ಆ ನೀರು ಕಹಿಯಾಗಿಯೂ ಕಪ್ಪಾಗಿಯೂ ಇರುವುದಕ್ಕೆ, ಕೇಟೊನ ಇರುವೆ ನುಸಿಗಳು ಅದರ ಹತ್ತಿರ ಸುಳಿಯದಿದ್ದುದಕ್ಕೆ ಪಾಲಿಫಿನಾಲ್‌ಗಳು ಬಹುಮಟ್ಟಿಗೆ ಕಾರಣ. ಅವು ಎಣ್ಣೆಗಿಂತ ನೀರನ್ನು ಹೆಚ್ಚು ಇಷ್ಟಪಡುತ್ತವೆ. ಆದ್ದರಿಂದ ಹಣ್ಣಿನಲ್ಲಿರುವ ಪಾಲಿಫಿನಾಲ್‌ನಲ್ಲಿ ಎಣ್ಣೆಗೆ ಬರುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ಉಳಿದುದೆಲ್ಲ ನೀರಿಗೂ ಹಿಂಡಿಗೂ ಹೋಗುತ್ತದೆ. ಯಾವುದಕ್ಕಾಗಿ ಜನ ದುಬಾರಿ ಎಣ್ಣೆ ಕೊಳ್ಳುತ್ತಿದ್ದರೋ ಅದರ ಬಹುಪಾಲು ಹೊಂಡದಲ್ಲಿತ್ತು!

ಇದನ್ನು ಗಮನಿಸಿದವರಲ್ಲಿ ಇಟಲಿ ಮೂಲದ ರಾಬರ್ಟೊ ಕ್ರೇಯ ಒಬ್ಬ. ಮಾನವ ಇನ್ಸುಲಿನ್ನಿನ ಜೀನನ್ನು 1978ರಲ್ಲಿ ಕೃತಕವಾಗಿ ಕಟ್ಟಿದ ತಂಡದಲ್ಲಿದ್ದ ರಸಾಯನವಿಜ್ಞಾನಿ ಈತ. ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ತೆರೆದು, ಈ ಶತಮಾನದ ಆರಂಭದಲ್ಲಿ ಆಲಿವ್ ನೀರಿನಿಂದ ಹೈಡ್ರಾಕ್ಸಿಟೈರೊಸಾಲ್ ಪಡೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಬೀಜ ತೆಗೆದ ಹಣ್ಣಿನ ನೀರಿಗೆ ಸಿಟ್ರಿಕ್ ಆಮ್ಲ ಸೇರಿಸಿ ತಿಂಗಳುಗಟ್ಟಲೆ ಇಡುತ್ತಾರೆ. ಹಣ್ಣಿನ ಕಹಿಗೆ ಕಾರಣವಾದ ಒಲಿಯೂರೊಪಿಯಿನ್ ಎಂಬ ದೊಡ್ಡ ಅಣು ನಿಧಾನವಾಗಿ ಒಡೆದು ಹೈಡ್ರಾಕ್ಸಿಟೈರೊಸಾಲ್ ಆಗುತ್ತದೆ. ಶೀಲೆಯ ಸಿಟ್ರಿಕ್ ಆಮ್ಲ ಇಲ್ಲಿ ಕೆಲಸಕ್ಕೆ ಬಂದದ್ದನ್ನು ನೋಡಿ ನನಗೆ ಸಂತೋಷವಾಯಿತು. ಬೇರೆಯವರು ಸೂಕ್ಷ್ಮ ಪೊರೆಗಳಲ್ಲಿ ಸೋಸಿ, ರಾಳದ ಕಣಗಳಿಗೆ ಅಂಟಿಸಿ, ಮತ್ತೆ ತೊಳೆದು ತೆಗೆಯುತ್ತಾರೆ. ಗಂಟು ಬೇರೆ, ಬಿಚ್ಚುವ ತತ್ವ ಅದೇ: ಬೇಕಾದುದೊಂದನ್ನೇ ಹಿಡಿಯುವುದು.

ಸೊಸೆಗೆ ಇಷ್ಟನ್ನು ಹೇಳಿ, ಒಂದು ಎಚ್ಚರಿಕೆಯನ್ನೂ ಹೇಳಿದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2011ರಲ್ಲಿ, ದಿನಕ್ಕೆ 5 ಮಿಲಿಗ್ರಾಂ ಹೈಡ್ರಾಕ್ಸಿಟೈರೊಸಾಲ್ ಮತ್ತು ಅದರ ಸಂಬಂಧಿಗಳು ರಕ್ತದ ಕೊಬ್ಬನ್ನು ಉತ್ಕರ್ಷಣದ ಹಾನಿಯಿಂದ ಕಾಪಾಡಲು ನೆರವಾಗುತ್ತವೆ ಎಂದು ಒಪ್ಪಿತು. ಆದರೆ 2012ರ ನಿಯಮದ ಪ್ರಕಾರ ಆ ಮಾತನ್ನು ಅಚ್ಚು ಹಾಕಿಕೊಳ್ಳುವ ಹಕ್ಕು ಅಷ್ಟು ಪ್ರಮಾಣವಿರುವ ಆಲಿವ್ ಎಣ್ಣೆಗೆ ಮಾತ್ರ ಕೊಡಲಾಯಿತು, ಮಾತ್ರೆಗಲ್ಲ. ನೀರಿನಿಂದ ತೆಗೆದದ್ದೆಲ್ಲ ಅಮೃತವೂ ಅಲ್ಲ. ನಮ್ಮ ಚೊಗರು ಬಟ್ಟೆಗೆ ಚೆಲುವು, ಹೊಟ್ಟೆಗಲ್ಲ. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಹೇಳಿದೆ. ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವನು ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯದಿರುವುದು ಸರಿಯಲ್ಲ.

ಇನ್ನು ತಪ್ಪೊಪ್ಪಿಗೆ.

1990ರ ದಶಕದ ಆರಂಭದಲ್ಲಿ ನಾನು ಕಾಫಿ ಸೀಮೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಕಾಫಿಯೂ ಹಣ್ಣೇ ತಾನೆ. ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಬೀಜಕ್ಕಂಟಿದ ಲೋಳೆಯನ್ನು ಹುಳಿಯಿಸಿ ತೊಳೆಯಲು ಹೇರಳ ನೀರು ಬೇಕು. ಆ ನೀರಿನಲ್ಲಿ ಸಕ್ಕರೆ, ಪೆಕ್ಟಿನ್, ಬಣ್ಣದ ಪಾಲಿಫಿನಾಲ್ ಎಲ್ಲವೂ ಇರುತ್ತವೆ. ಶಾಲೆಯ ಹಿಂದೆ ಹರಿಯುತ್ತಿದ್ದ ಹಳ್ಳ ಪ್ರತಿ ವರ್ಷ ಡಿಸೆಂಬರ್ ಜನವರಿಯಲ್ಲಿ ಕಂದು ಬಣ್ಣಕ್ಕೆ ತಿರುಗಿ ನಾರುತ್ತಿತ್ತು. ಒಂದು ಬೆಳಿಗ್ಗೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಆ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಬಂದ. ಅವನ ಮನೆ ಹಳ್ಳದ ಕೆಳಭಾಗದ ಕೂಲಿ ಲೈನಿನಲ್ಲಿ. ಅವರು ಬಳಸುತ್ತಿದ್ದುದು ಅದೇ ನೀರು. "ಮೀನೆಲ್ಲ ಸತ್ತು ತೇಲುತ್ತಿವೆ ಸಾರ್, ಇದರಲ್ಲೇನಿದೆ ನೋಡೋಣ" ಎಂದ.

ನೀಲಿ ಲಿಟ್ಮಸ್ ಕೆಂಪಾಯಿತು. ಫೆಹ್ಲಿಂಗ್ ದ್ರಾವಣ ಹಾಕಿ ಬಿಸಿಮಾಡಿದಾಗ ಇಟ್ಟಿಗೆಗೆಂಪು ಬಂದಿತು. "ಸಕ್ಕರೆ ಇದೆ" ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಸಕ್ಕರೆ ಇದ್ದರೆ ಮೀನು ಯಾಕೆ ಸಾಯಬೇಕು ಸಾರ್?" ಎಂದು ಕೇಳಿದ. ನನ್ನ ವೃತ್ತಿಜೀವನದಲ್ಲಿ ವಿದ್ಯಾರ್ಥಿಯೊಬ್ಬ ಕೇಳಿದ ಅತ್ಯುತ್ತಮ ಪ್ರಶ್ನೆಗಳಲ್ಲಿ ಅದು ಒಂದು. ಸೂಕ್ಷ್ಮಜೀವಿಗಳು ಸಕ್ಕರೆ ತಿನ್ನುತ್ತಾ ನೀರಿನ ಆಮ್ಲಜನಕವನ್ನು ಮುಗಿಸಿಬಿಡುತ್ತವೆ ಎಂದು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದೆ. ಅವನಿಗೆ ಅರ್ಥವಾಯಿತು. ಆಗ ಎರಡನೆಯ ಪ್ರಶ್ನೆ ಕೇಳಿದ: "ಹಾಗಾದರೆ ಇದನ್ನು ಯಾರಿಗೆ ಹೇಳಬೇಕು ಸಾರ್?"

ನನಗೆ ಉತ್ತರ ಗೊತ್ತಿತ್ತು. 1974ರಿಂದಲೇ ಜಲಮಾಲಿನ್ಯದ ಕಾನೂನು ದೇಶದಲ್ಲಿತ್ತು. ಒಂದು ಅರ್ಜಿ ಬರೆಯುವುದು ನನಗೆ ಕಷ್ಟವಾಗಿರಲಿಲ್ಲ. ಆದರೆ ಆ ತೋಟದ ಯಜಮಾನರು ಶಾಲೆಯ ಕಟ್ಟಡಕ್ಕೆ ಹಣ ಕೊಟ್ಟವರು. ಹಿರಿಯ ಸಹೋದ್ಯೋಗಿಯೊಬ್ಬರು "ನಮಗೇಕೆ ಬೇಕು" ಎಂದರು. ಮನೆ ಕಟ್ಟಿಸುತ್ತಿದ್ದೆ, ವರ್ಗಾವಣೆಯ ಭಯವಿತ್ತು. "ನೋಡೋಣ" ಎಂದು ಹುಡುಗನನ್ನು ಕಳುಹಿಸಿ, ಸೀಸೆಯ ನೀರನ್ನು ಪ್ರಯೋಗಶಾಲೆಯ ತೊಟ್ಟಿಗೆ ಸುರಿದುಬಿಟ್ಟೆ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಆ ಕುಟುಂಬ ಬೇರೆ ತೋಟಕ್ಕೆ ಹೋಯಿತೆಂದು ಕೇಳಿದೆ.

ಈಗ ಬಹಳಷ್ಟು ತೋಟಗಳಲ್ಲಿ ಕಡಿಮೆ ನೀರಿನ ಪಲ್ಪರ್‌ಗಳಿವೆ, ನೀರನ್ನು ತಡೆದು ನಿಲ್ಲಿಸುವ ತೊಟ್ಟಿಗಳಿವೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಕಾಫಿ ಹಣ್ಣಿನ ಸಿಪ್ಪೆಯಿಂದ ಆಂಥೋಸಯನಿನ್ ಎಂಬ ಕೆಂಪು ಬಣ್ಣವನ್ನೂ ಇತರ ಉಪಯುಕ್ತ ವಸ್ತುಗಳನ್ನೂ ತೆಗೆಯುವ ಬಗ್ಗೆ ಸಂಶೋಧನೆ ಪ್ರಕಟಿಸಿದ್ದಾರೆ. ಆ ಹುಡುಗ ತಂದ ಸೀಸೆಯಲ್ಲಿಯೂ ಅವೆಲ್ಲ ಇದ್ದವು.

ಸೊಸೆ ಹಿಂದಿರುಗಿ ಹೋಗುವಾಗ ತನ್ನ ಅಜ್ಜಿಯಿಂದ ಚೊಗರು ಕಾಯಿಸುವ ಕ್ರಮವನ್ನು ಬರೆದುಕೊಂಡು ಹೋದಳು. ನಮ್ಮ ತಾಯಿಗೆ ಕೆಲವು ಅಳತೆಗಳು ಮರೆತುಹೋಗಿವೆ. ನಿಮ್ಮ ಮನೆಗಳಲ್ಲಿ ಬಲ್ಲವರಿದ್ದರೆ, ಎಷ್ಟು ಒಬ್ಬೆಗೆ ಎಷ್ಟು ಹಳೆಯ ಚೊಗರು ಸೇರಿಸುತ್ತಿದ್ದರು, ಜೊತೆಗೆ ಯಾವ ಮರದ ತೊಗಟೆ ಹಾಕುತ್ತಿದ್ದರು ಎಂಬುದನ್ನು ಬರೆದು ತಿಳಿಸಿರಿ. ಹಾಗೆಯೇ, ಆ ಕಾಫಿ ಸೀಮೆಯ ಶಾಲೆಯಲ್ಲಿ ಆ ವರ್ಷ ಒಂಬತ್ತನೆಯ ತರಗತಿಯಲ್ಲಿದ್ದ ಕೆಲವರು ಇದನ್ನು ಓದುತ್ತೀರೆಂದು ನಾನು ಬಲ್ಲೆ. ಎರಡನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕುಳಿತುಕೊಳ್ಳುತ್ತಿದ್ದ ಅವನು ಈಗ ಎಲ್ಲಿದ್ದಾನೆಂದು ಯಾರಿಗಾದರೂ ಗೊತ್ತಿದ್ದರೆ ನನಗೆ ಒಂದು ಮಾತು ಹೇಳಿರಿ. ಅವನ ಎರಡನೆಯ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.